ಬೆನ್ನು ತಿರುಗಿಸುವ ಪಾತ್ರ

ಮ್ಯೂನಿಕ್‌ನ ಬೇಸಿಗೆಯ ಒಪೆರಾ ಉತ್ಸವದಲ್ಲಿ ನನಗೊಂದು ಪಾತ್ರ ಸಿಕ್ಕಿತ್ತು. ಪಾತ್ರ ಎಂದರೆ ದೊಡ್ಡ ಮಾತಾಯಿತು. ಹಾಡುವಂತಿಲ್ಲ, ತುಟಿ ಬಿಚ್ಚುವಂತಿಲ್ಲ, ಊರಿನವರ ಗುಂಪಿನಲ್ಲಿ ನಿಂತಿರಬೇಕು. ಇಲ್ಲಿ ಅಂಥವರನ್ನು ಸ್ಟಾಟಿಸ್ಟ್ ಎನ್ನುತ್ತಾರೆ. ಹಗಲೆಲ್ಲ ಸಾಫ್ಟ್‌ವೇರ್ ಪರೀಕ್ಷಿಸಿ ಬೇಸತ್ತ ನನಗೆ ಅಷ್ಟೇ ಸಾಕಿತ್ತು.

ಅದೊಂದು ಚೆಕ್ ಒಪೆರಾ. ಮದುವೆಯಾದ ಹೆಣ್ಣೊಬ್ಬಳು ಬೇರೊಬ್ಬನನ್ನು ಪ್ರೀತಿಸುತ್ತಾಳೆ, ಗುಡುಗು ಮಳೆಯ ನಡುವೆ ಊರೆಲ್ಲರ ಎದುರು ಅದನ್ನು ಒಪ್ಪಿಕೊಳ್ಳುತ್ತಾಳೆ, ಕೊನೆಗೆ ನದಿಗೆ ಹಾರುತ್ತಾಳೆ. ಅವಳು ಒಪ್ಪಿಕೊಳ್ಳುವಾಗ ನಾವು ಬೆನ್ನು ತಿರುಗಿಸಬೇಕು. "ಸಿಟ್ಟು ಬೇಡ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ತಿರುಗಿ," ಎಂದರು ನಿರ್ದೇಶಕಿ. ಉಳಿದವರು ಹತ್ತು ಸಲ ತಿರುಗಿದರೂ ಆಕೆಗೆ ಸಮಾಧಾನವಾಗಲಿಲ್ಲ. ನನ್ನದು ಮೊದಲ ಸಲಕ್ಕೇ ಸರಿಹೋಯಿತು. ನನ್ನನ್ನು ಮುಂದಿನ ಸಾಲಿಗೆ ತಂದು, ಎಲ್ಲಿ ಕಲಿತೆ ಎಂದು ಕೇಳಿದರು. ಕಾಲೇಜು ನಾಟಕದಲ್ಲಿ ಎಂದೆ. ಸುಳ್ಳು. ತಂಗಿಯ ವಿಷಯ ತಿಳಿದ ದಿನ ಅಪ್ಪ ವಿಡಿಯೋ ಕಾಲ್‌ನಲ್ಲಿ ಹಾಗೆಯೇ ಕುರ್ಚಿ ತಿರುಗಿಸಿಕೊಂಡಿದ್ದರು.

ತಂಗಿ ನ್ಯೂರೆಂಬರ್ಗ್‌ನಲ್ಲಿ ಎಂಜಿನಿಯರ್. ಅವಳು ಮೆಚ್ಚಿದವನು ಅವಳದೇ ಆಫೀಸಿನ, ಕಲಬುರಗಿಯ ಮುಸ್ಲಿಂ ಹುಡುಗ. ಮೈಸೂರಿನ ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವುದೇ ನಿಂತುಹೋಯಿತು. ಅವನ ಮನೆಯಲ್ಲೂ ಅಷ್ಟೇ. ಜೂನ್ ತಿಂಗಳಲ್ಲಿ ಅವಳು ಫೋನ್ ಮಾಡಿದಳು.

"ಅಕ್ಕಾ, ಶುಕ್ರವಾರ ಶ್ಟಾಂಡೆಸಾಮ್ಟ್‌ನಲ್ಲಿ ಮದುವೆ ರಿಜಿಸ್ಟರ್ ಮಾಡಿಸ್ತಿದೀವಿ. ವಿಟ್ನೆಸ್ ಆಗಿ ಬರ್ತೀಯಾ?"

ರಿಹರ್ಸಲ್ ಇದೆ ಎಂದೆ. ಇರಲಿಲ್ಲ. ಅಪ್ಪನೂ ಮುನಿಯಬಾರದು, ತಂಗಿಯೂ ನೋಯಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ನನ್ನದು. ಹೋದರೂ ಹೋಗಬಹುದೆಂದು ಆ ದಿನ ರಜೆಯನ್ನೂ ಹಾಕಿದ್ದೆ. ಆಮೇಲೆ ಮನೆಯಲ್ಲೇ ಕೂತು ಒಗೆದ ಬಟ್ಟೆ ಮಡಚಿದೆ. ಸಾಕ್ಷಿಗೇನು ಬರವೇ, ಆಫೀಸಿನವರು ಯಾರಾದರೂ ಸಿಗುತ್ತಾರೆ ಎಂದುಕೊಂಡೆ.

ಮೊದಲ ಪ್ರದರ್ಶನಕ್ಕೆ ಅವರಿಬ್ಬರೂ ಬಂದಿದ್ದರು. ಮೂರನೇ ಸಾಲು. ವೇದಿಕೆಯ ದೀಪದ ಬೆಳಕು ಅಲ್ಲಿಯವರೆಗೂ ಬೀಳುತ್ತಿತ್ತು. ನಾಯಕಿ ಪ್ರೇಕ್ಷಕರ ಕಡೆ ನಿಂತು ತಪ್ಪೊಪ್ಪಿಕೊಂಡಾಗ, ಎಲ್ಲರಿಗಿಂತ ಮುಂದೆ ನಿಂತಿದ್ದ ನಾನು ತಂಗಿಯ ಮುಖ ನೋಡಿದೆ, ತಿರುಗಿದೆ. ತಿರುಗುವುದರಲ್ಲಿ ತಪ್ಪಾಗಲಿಲ್ಲ.

ಆಟ ಮುಗಿದಾಗ ಹೊರಗೆ ಇನ್ನೂ ಬಿಸಿಲಿತ್ತು. ಹಿಂಬಾಗಿಲಲ್ಲಿ ಇಬ್ಬರೂ ಕಾದಿದ್ದರು. ಅವನು "ನಮಸ್ಕಾರ ಅಕ್ಕಾ" ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಏನಾದರೂ ಮಾತಾಡಬೇಕಲ್ಲ ಎಂದು, "ಅವತ್ತು ವಿಟ್ನೆಸ್ ಯಾರು ಬಂದ್ರು?" ಎಂದು ಕೇಳಿದೆ.

"ಯಾರೂ ಇಲ್ಲ. ಇಲ್ಲಿ ವಿಟ್ನೆಸ್ ಕಂಪಲ್ಸರಿ ಅಲ್ಲಕ್ಕಾ. ನಮ್ಮೋರು ಅಂತ ಒಬ್ರು ಇರ್ಲಿ ಅಂತ ಕೇಳಿದ್ದೆ, ಅಷ್ಟೆ."

ನಾಚಿಕೆಯಿಂದ ಕುಗ್ಗಿಹೋದೆ. ಅವನು ರೈಲಿಗೆ ಹೊತ್ತಾಯಿತು ಎಂದ. ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹುಷಾರಾಗಿ ಹೋಗಿ ಎಂದೆ.