ಕುಳಿಯ ಹತ್ತಿರದ ಆಟ

ಗಾಲ್ಫ್ ಕೋಲನ್ನು ಹಿಡಿಯುವುದು ಹೇಗೆಂದು ನನಗೆ ತೋರಿಸಿದವರು ನಮ್ಮ ಕಾರ್ಖಾನೆಯ ಫೋರ್‌ಮನ್. ಆದರೆ ಕುಳಿಗೆ ಇನ್ನು ಇಪ್ಪತ್ತು ಮೂವತ್ತು ಹೆಜ್ಜೆ ಇದೆ ಎನ್ನುವಾಗ ಏನು ಮಾಡಬೇಕು ಎನ್ನುವುದನ್ನು ಕಲಿಸಿದ್ದು ಆ ಮೈದಾನವನ್ನು ಗುಡಿಸುತ್ತಿದ್ದ ಹೆಂಗಸು. ಈ ಮಾತನ್ನು ಹೇಳಬೇಕಾಗಿದ್ದ ಹೊತ್ತಿನಲ್ಲಿ ನಾನು ಹೇಳಲಿಲ್ಲ.

ಆಗ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕಾಲೊನಿಯ ಹಿಂದೆ ಒಂಬತ್ತು ಕುಳಿಗಳ ಗಾಲ್ಫ್ ಮೈದಾನವಿತ್ತು. ಬಹಳ ಕಾಲ ಅದು ಅಧಿಕಾರಿಗಳದ್ದೇ. ಸೈಕಲ್ ತುಳಿದುಕೊಂಡು ಶಿಫ್ಟಿಗೆ ಹೋಗುವ ನಮಗೆ ಬೇಲಿಯಾಚೆ ಬಿಳಿ ಟೋಪಿಗಳು ಓಡಾಡುವುದು ಕಾಣುತ್ತಿತ್ತು, ಅಷ್ಟೆ. ಆಮೇಲೆ ಕಾರ್ಖಾನೆಯಲ್ಲಿ ಕೆಲಸ ತಗ್ಗಿತು. ಅಧಿಕಾರಿಗಳು ಒಬ್ಬೊಬ್ಬರಾಗಿ ವರ್ಗವಾಗಿ ಹೋದರು. ಆಡುವವರಿಲ್ಲದೆ ಮೈದಾನ ಪಾಳು ಬೀಳಬಾರದೆಂದು ಕ್ಲಬ್ಬಿನವರು ನಮ್ಮಂಥವರಿಗೂ ಬಾಗಿಲು ತೆರೆದರು. ಕುತೂಹಲಕ್ಕೆ ಹೋದವನು ನಾನು. ಎರಡನೇ ವಾರಕ್ಕೆ ಹುಚ್ಚು ಹಿಡಿದಿತ್ತು.

ನಮ್ಮದು ತ್ಯಾವರೆಕೊಪ್ಪದ ಕಡೆಯ ಬೇಸಾಯದ ಮನೆ. ಸೌದೆ ಒಡೆದು ಬೆಳೆದ ತೋಳಾದ್ದರಿಂದ ದೂರದ ಹೊಡೆತ ನನಗೆ ಸುಲಭವಾಗಿ ಒಲಿಯಿತು. ಮೊದಲ ಹೊಡೆತಕ್ಕೆ ಚೆಂಡು ಮತ್ತಿಮರ ದಾಟಿ ಹೋದಾಗ ಹಳಬರು ಕೂಡ ತಿರುಗಿ ನೋಡುತ್ತಿದ್ದರು. ಕುಳಿ ಹತ್ತಿರ ಬಂದಂತೆ ಮಾತ್ರ ನನ್ನ ಮರ್ಯಾದೆ ಹೋಗುತ್ತಿತ್ತು. ಅಗಲ ಮುಖದ ಕೋಲಿನಿಂದ ಚೆಂಡನ್ನು ಮೇಲಕ್ಕೆ ಎತ್ತಲು ಹೋಗುತ್ತಿದ್ದೆ. ಒಮ್ಮೆ ಮಣ್ಣಿಗೇ ಹೊಡೆತ ಬಿದ್ದು ಚೆಂಡು ಅಲ್ಲೇ ಕೂತಿರುತ್ತಿತ್ತು. ಇನ್ನೊಮ್ಮೆ ಅದರ ನೆತ್ತಿಗೆ ತಾಗಿ ಆಚೆ ಬದಿಯ ಪೊದೆಗೆ ಓಡುತ್ತಿತ್ತು. ಎರಡೇ ಏಟಿಗೆ ಕುಳಿಯ ಬಳಿ ಬಂದವನು ಚೆಂಡನ್ನು ಒಳಗೆ ಹಾಕಲು ಇನ್ನೂ ಆರು ಏಟು ತೆಗೆದುಕೊಳ್ಳುತ್ತಿದ್ದೆ.

ನಮ್ಮ ಮೈದಾನದಲ್ಲಿ ಕುಳಿಯ ಸುತ್ತ ಹಸಿರು ಹುಲ್ಲು ಇರಲಿಲ್ಲ. ಅಷ್ಟು ನೀರು ಎಲ್ಲಿಂದ ತರುವುದು? ಮರಳಿಗೆ ಕಾರ್ಖಾನೆಯ ಹಳೇ ಆಯಿಲ್ ಬೆರೆಸಿ, ದುಂಡಗೆ ಹರಡಿ, ಒತ್ತಿ ಕೂರಿಸಿದ ಕಂದು ಅಂಗಳ ಇರುತ್ತಿತ್ತು. ಬೇರೆ ಕಡೆ ಹುಲ್ಲಿನ ಅಂಗಳಕ್ಕೆ ಗ್ರೀನ್ ಅನ್ನುವಂತೆ ಅದಕ್ಕೆ ನಾವು ಬ್ರೌನ್ ಅನ್ನುತ್ತಿದ್ದೆವು. ಒಂಬತ್ತು ಬ್ರೌನುಗಳನ್ನೂ ದಿನವೂ ಗುಡಿಸಿ ಸಮ ಮಾಡುವವಳು ಒಬ್ಬಳೇ ಹೆಂಗಸು. ಐವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ಅವಳ ತಂದೆ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರಂತೆ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನಾಲ್ಕನೇ ಕುಳಿಯ ಹತ್ತಿರ ನನ್ನ ಚೆಂಡು ಅತ್ತಿಂದಿತ್ತ ಮೂರು ಸಲ ಓಡಾಡಿದಾಗ ಅಕ್ಕ ಪೊರಕೆಗೆ ಒರಗಿ ನಕ್ಕಳು.

“ಯಾಕಕ್ಕಾ ನಗ್ತೀರ?”

“ನೀವು ಕುಳಿ ನೋಡ್ತೀರ ಸಾರ್. ಬಾಲು ಎಲ್ಲಿ ಬೀಳ್ಬೇಕೋ ಅದನ್ನ ನೋಡಲ್ಲ,” ಎಂದಳು. ಪೊರಕೆಯ ತುದಿಯಿಂದ ಬ್ರೌನಿನ ಅಂಚಿಗಿಂತ ಒಂದು ಮೊಳ ಒಳಗೆ ಚುಕ್ಕಿ ಇಟ್ಟಳು. “ಇಲ್ಲಿ ಬಿದ್ರೆ ತಾನೇ ಉರುಳ್ಕೊಂಡು ಹೋಗತ್ತೆ. ಸ್ಟಿಕ್ ಬಿಡಿ. ಮೊದ್ಲು ಕೈಯಲ್ಲಿ ಎಸೀರಿ.”

ಗುಡಿಸುವವಳ ಮಾತು ಕೇಳಿ ಚೆಂಡು ಎಸೆಯುವುದೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಸುತ್ತ ಯಾರೂ ಇರಲಿಲ್ಲವಾದ್ದರಿಂದ ಎಸೆದೆ. ಕೈ ಕೆಳಗಿಟ್ಟು, ನೆಲಕ್ಕೆ ಹತ್ತಿರವಾಗಿ. ಚೆಂಡು ಚುಕ್ಕಿಯ ಬಳಿ ಬಿದ್ದು ನಿಧಾನಕ್ಕೆ ಉರುಳಿ ಕುಳಿಯಿಂದ ಎರಡು ಗೇಣು ದೂರದಲ್ಲಿ ನಿಂತಿತು.

“ನಿಮ್ ಕೈಗೆ ಗೊತ್ತಿದೆ. ಸ್ಟಿಕ್ ಸಿಕ್ಕಿದ ತಕ್ಷಣ ಅದು ಮರೀತದೆ,” ಎಂದಳು ಅಕ್ಕ.

ಅಲ್ಲಿಂದ ಮೂರು ನಾಲ್ಕು ತಿಂಗಳು ಅವಳೇ ನನ್ನ ಗುರು. ಅಗಲ ಮುಖದ ಕೋಲನ್ನು ಬಿಡಿಸಿ, ಚೆಂಡನ್ನು ಹೆಚ್ಚು ಎತ್ತದೆ ಉರುಳಿಸುವ ಏಳನೇ ನಂಬರಿನದನ್ನು ಹಿಡಿಸಿದಳು. ಹಿಡಿಯನ್ನು ಕೆಳಗೆ ಹಿಡಿ, ಭಾರವನ್ನೆಲ್ಲ ಎಡಗಾಲಿಗೆ ಹಾಕು, ಮಣಿಕಟ್ಟು ಆಡಿಸಬೇಡ. ಇಷ್ಟನ್ನೂ ಅವಳು ಹೇಳಿದ್ದು ಪೊರಕೆ ಹಿಡಿದುಕೊಂಡೇ. ಇಪ್ಪತ್ತು ವರ್ಷ ಅಷ್ಟೊಂದು ಜನರ ಹೊಡೆತಗಳನ್ನು, ಅವು ಮರಳಿನ ಮೇಲೆ ಬಿಟ್ಟ ಗೆರೆಗಳನ್ನು ನೋಡಿ ಅಳಿಸಿದವಳು. ಯಾವ ಚೆಂಡು ಎಲ್ಲಿ ಬಿದ್ದು ಎಷ್ಟು ಉರುಳುತ್ತದೆ ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ನಡುವೆ ಯಾವಾಗಲೋ ನಾನು ಸಾರ್ ಹೋಗಿ, ತಮಿಳಿನಲ್ಲಿ ತಮ್ಮ ಎನ್ನುವ ತಂಬಿ ಆದೆ.

ಸಂಜೆ ಮನೆಯಲ್ಲೂ ಅಭ್ಯಾಸ ನಡೆಯುತ್ತಿತ್ತು. ಹಿತ್ತಲಿನಲ್ಲಿ ಹೆಂಡತಿ ರಂಗೋಲಿಪುಡಿಯಿಂದ ಒಂದು ದುಂಡು ಬರೆದುಕೊಡುವಳು. ಚೆಂಡು ಅದರೊಳಗೆ ಬೀಳಬೇಕು. ಮೊದಮೊದಲು ಒಣಹಾಕಿದ ಹಪ್ಪಳದ ಮೇಲೂ ಬಿತ್ತು. “ಮಾರಾಯ್ರೆ, ಆ ಅಕ್ಕನ್ನ ಒಂದಿನ ಊಟಕ್ಕೆ ಕರ್ಕೊಂಡ್ ಬನ್ನಿ. ನಿಮಗೆ ಕಲ್ಸೋ ಅಷ್ಟು ತಾಳ್ಮೆ ಇರೋರನ್ನ ನಾನೂ ನೋಡ್ಬೇಕು,” ಎಂದು ನಗುತ್ತಿದ್ದಳು. ಅಕ್ಕ ಬಂದಳು. ಉಂಡು, ಹಿತ್ತಲಿನ ದುಂಡು ನೋಡಿ, “ಇಷ್ಟು ದೊಡ್ಡದು ಬೇಡಮ್ಮ, ತಟ್ಟೆಯಷ್ಟು ಬರೀರಿ,” ಎಂದು ಹೇಳಿ ಹೋದಳು.

ಆಯುಧಪೂಜೆಯ ನಂತರದ ಭಾನುವಾರ ಕ್ಲಬ್ಬಿನ ವಾರ್ಷಿಕ ಪಂದ್ಯ. ಆ ವರ್ಷ ಕೊನೆಯ ಕುಳಿಗೆ ಬರುವಾಗ ನಾನೂ ಒಬ್ಬ ಹಿರಿಯ ಅಧಿಕಾರಿಯೂ ಸಮಸಮ ಇದ್ದೆವು. ಅವರ ಚೆಂಡು ಬ್ರೌನಿನ ಮೇಲಿತ್ತು. ನನ್ನದು ಎಡಗಡೆ, ಎತ್ತಿನಗಾಡಿಯ ಹಳೇ ಜಾಡಿನೊಳಗೆ, ಇಪ್ಪತ್ತು ಹೆಜ್ಜೆ ದೂರ. ನೋಡುತ್ತಿದ್ದವರು ಪಂದ್ಯ ಮುಗಿಯಿತು ಎಂದುಕೊಂಡರು. ನಾನು ಕುಳಿಯನ್ನು ನೋಡಲಿಲ್ಲ. ಮರಳಿನಲ್ಲಿ ತಟ್ಟೆಯಷ್ಟು ಜಾಗ ಆರಿಸಿಕೊಂಡು ಅದನ್ನೇ ನೋಡಿದೆ. ಚೆಂಡು ಅಲ್ಲೇ ಬಿದ್ದು, ಉರುಳಿ, ಕುಳಿಯಿಂದ ಒಂದು ಗೇಣಿನಲ್ಲಿ ನಿಂತಿತು. ಮುಂದಿನ ಏಟಿಗೆ ಒಳಗೆ. ಅಧಿಕಾರಿಗಳಿಗೆ ನನಗಿಂತ ಒಂದು ಏಟು ಹೆಚ್ಚು ಬೇಕಾಯಿತು, ಗೆದ್ದವನು ನಾನು.

ಶಾಮಿಯಾನದ ಕೆಳಗೆ ಕಪ್ ಕೊಟ್ಟರು. ಕಾರ್ಯದರ್ಶಿ ಮೈಕು ಹಿಡಿದು, “ಆ ಲಾಸ್ಟ್ ಶಾಟ್ ಯಾರ ಹತ್ರ ಕಲ್ತ್ರಿ?” ಎಂದು ಕೇಳಿದರು. ಮುಂದಿನ ಸಾಲಿನಲ್ಲಿ ಸೂಟು ಹಾಕಿದವರು ಕೂತಿದ್ದರು. ಶಾಮಿಯಾನದ ಹಿಂದೆ ಅಕ್ಕ ಟೀ ಲೋಟ ತೊಳೆಯುತ್ತಿದ್ದಳು. ನೀರಿನ ಸದ್ದು ನನಗೆ ಕೇಳಿಸುತ್ತಿತ್ತು.

“ನಾನೇ ಪ್ರಾಕ್ಟೀಸ್ ಮಾಡಿ ಕಲ್ತೆ ಸಾರ್,” ಎಂದೆ.

ಚಪ್ಪಾಳೆ ಬಿತ್ತು. ಪಂದ್ಯ ನೋಡಲು ಬಂದಿದ್ದ ಹೆಂಡತಿ ಹಿಂತಿರುಗಿ ಮನೆ ಬಾಗಿಲು ತೆಗೆಯುತ್ತಾ, “ಅಕ್ಕ ಅಂತ ಯಾಕೆ ಹೇಳ್ಲಿಲ್ಲ?” ಎಂದಳು.

“ಎಲ್ಲಾ ನಗ್ತಿದ್ರು ಮಾರಾಯ್ತಿ.”

“ನಗ್ಲಿ. ನಕ್ಕಿದ್ರೆ ಏನಾಗ್ತಿತ್ತು?”

ನಾನು ಕಪ್ಪನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದೆ.

ಮರುದಿನ ನಾನು ಹೋದಾಗ ಅಕ್ಕ ಎಂದಿನಂತೆ ಗುಡಿಸುತ್ತಿದ್ದಳು. ನಾನು ಆಡಿದೆ. ಅವಳು ಚುಕ್ಕಿ ಇಡಲಿಲ್ಲ, ನಗಲೂ ಇಲ್ಲ. “ನಮಸ್ಕಾರ ಸಾರ್,” ಎಂದಳು. ಆ ಸಾರ್ ಎನ್ನುವುದು ನೇರ ಎದೆಗೆ ಬಂದು ತಗುಲಿತು.

“ಅಕ್ಕಾ, ನಿನ್ನೆ ನಂದು ತಪ್ಪಾಯ್ತು.”

ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ. “ನಂಗೆ ಕಪ್ ಬೇಡ. ಅಕ್ಕ ಹೇಳ್ಕೊಟ್ಳು ಅಂತ ಒಂದು ಮಾತು ಸಾಕಿತ್ತು. ನನ್ ಮಗಳು ಬಂದಿದ್ಲು ನೋಡೋಕೆ.”

ನಾನು ಏಳನೇ ನಂಬರಿನ ಕೋಲನ್ನು ಅವಳತ್ತ ಚಾಚಿದೆ. ಇಪ್ಪತ್ತು ವರ್ಷದಲ್ಲಿ ಅವಳು ಕೋಲಿನಿಂದ ಒಂದು ಏಟೂ ಹೊಡೆದಿರಲಿಲ್ಲ. ಹಿಂದೊಮ್ಮೆ ಕೈಗೆತ್ತಿಕೊಂಡಾಗ ಯಾರೋ ಸಾಹೇಬರು, ನಿನ್ನ ಕೆಲಸ ಗುಡಿಸೋದು ಎಂದಿದ್ದರಂತೆ. ಅವಳು ಸುತ್ತ ನೋಡಿದಳು. ಪೊರಕೆಯನ್ನು ನೆಲದ ಮೇಲೆ ಮಲಗಿಸಿ, ಕೈಗಳನ್ನು ಖಾಕಿ ಅಂಗಿಗೆ ಒರೆಸಿಕೊಂಡು ಕೋಲು ಹಿಡಿದಳು. ಮೊದಲನೆಯದು ಮಣ್ಣಿಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಅಂಚು ದಾಟಿ ಬಿದ್ದು ಉರುಳುತ್ತಾ ಹೋಗಿ ಕುಳಿಯಲ್ಲಿ ನೆಟ್ಟ ಬಾವುಟದ ಕಂಬಕ್ಕೆ ತಾಗಿ ನಿಂತಿತು. ಅವಳು ಬಹಳ ಹೊತ್ತು ಮರಳಿನ ಮೇಲಿನ ಆ ಗೆರೆಯನ್ನು ನೋಡಿದಳು. “ಇದನ್ನ ಇವತ್ತು ಗುಡಿಸಲ್ಲ ತಂಬಿ,” ಎಂದಳು.

ಮುಂದಿನ ವರ್ಷ ಪಂದ್ಯಕ್ಕೆ ಬಂದವರು ಏಳು ಜನ. ಶಾಮಿಯಾನ ಇರಲಿಲ್ಲ, ಮೈಕೂ ಇರಲಿಲ್ಲ. ನಾನು ಗೆಲ್ಲಲೂ ಇಲ್ಲ. ಆದರೂ ಟೀ ಕುಡಿಯುವಾಗ ಎದ್ದು ನಿಂತು, ಕುಳಿಯ ಹತ್ತಿರ ನಾನು ಆಡುವುದೆಲ್ಲ ಈ ಅಕ್ಕ ಕಲಿಸಿದ್ದು, ಹೋದ ವರ್ಷ ಹೇಳಬೇಕಿತ್ತು, ಹೇಳಲಿಲ್ಲ ಎಂದೆ. ಒಬ್ಬರು ನಕ್ಕರು. ಫೋರ್‌ಮನ್ ಮಾತ್ರ ಅಕ್ಕನ ಕಡೆ ತಿರುಗಿ, “ಹಾಗಾದ್ರೆ ನಂಗೂ ಹೇಳ್ಕೊಡಮ್ಮ,” ಎಂದರು. ಅಕ್ಕ ಕೊಡದಿಂದ ನೀರು ಬಗ್ಗಿಸುತ್ತಾ, “ಬೆಳಿಗ್ಗೆ ಬೇಗ ಬನ್ನಿ. ಬಿಸ್ಲು ಏರಿದ್ಮೇಲೆ ನಂಗಾಗಲ್ಲ,” ಎಂದಳು.

ಅದೇ ಕೊನೆಯ ಪಂದ್ಯ. ಮೈದಾನದ ತುಂಬ ಈಗ ಲಾಂಟಾನ ಪೊದೆ ಬೆಳೆದಿದೆ. ನಾನು ನಿವೃತ್ತನಾದ ಮೇಲೆ ನಾವು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆವು. ಅಕ್ಕ ಅದೇ ಊರಿನ ರಾಗಿಗುಡ್ಡದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳು ಅಲ್ಲೇ ಹತ್ತಿರದ ಶಾಲೆಯಲ್ಲಿ ಟೀಚರು. ತಿಂಗಳಿಗೊಮ್ಮೆಯಾದರೂ ನಾನೂ ಹೆಂಡತಿಯೂ ಹೋಗಿಬರುತ್ತೇವೆ. ಅಕ್ಕನಿಗೆ ಮಂಡಿನೋವು, ಹೆಚ್ಚು ಓಡಾಡಲಾರಳು. ಮೊನ್ನೆ ಹೋದಾಗ ಟಿವಿಯಲ್ಲಿ ಯಾವುದೋ ದೇಶದ ಗಾಲ್ಫ್ ಬರುತ್ತಿತ್ತು. ಕಣ್ಣಿಗೆ ರಾಚುವ ಹಸಿರು, ಸಾವಿರಾರು ಜನ. ಅಕ್ಕ ಗೋಡೆಗೆ ಒರಗಿ ಕೂತು ಗಮನವಿಟ್ಟು ನೋಡುತ್ತಿದ್ದಳು.

“ಹೇಗೆ ಆಡ್ತಾರೆ ಅಕ್ಕಾ?” ಎಂದೆ.

“ಚೆನ್ನಾಗೇ ಆಡ್ತಾರೆ,” ಎಂದಳು. “ಆದ್ರೆ ಹುಲ್ಲು ತಂಬಿ. ಹುಲ್ಲಲ್ಲಿ ಯಾರ್ ಬೇಕಾದ್ರೂ ಆಡ್ತಾರೆ,” ಎಂದು, ಒಳಗಿದ್ದ ಮಗಳಿಗೆ ನಮಗೆ ಕಾಫಿ ಇಡಲು ಹೇಳಿದಳು.