ಪಿಸ್ತೂಲಿನ ಹಿಡಿಗೆ ಹೋದ ಚೆನ್ನೆಮಣೆ

ಕಾಪುವಿನಲ್ಲಿ ನಮ್ಮದೊಂದು ಪೆಟ್ರೋಲ್ ಬಂಕ್ ಇತ್ತು. ಹೆದ್ದಾರಿಗೆ ಮುಖ ಮಾಡಿ ಬಂಕ್, ಅದರ ಹಿಂದೆ ಮನೆ. ವ್ಯಾಪಾರದ ಹಣವನ್ನು ನನ್ನ ಗಂಡ ಒಂದು ಕ್ಯಾನ್ವಾಸ್ ಚೀಲಕ್ಕೆ ತುಂಬಿ ಸ್ಕೂಟರಿನಲ್ಲಿ ಉಡುಪಿಯ ಬ್ಯಾಂಕಿಗೆ ಒಯ್ಯುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೇಸಗೆ, ಅದೇ ರಸ್ತೆಯಲ್ಲಿ ಯಾರೋ ಒಬ್ಬ ವ್ಯಾಪಾರಿಯ ಕಣ್ಣಿಗೆ ಮೆಣಸಿನ ಹುಡಿ ಎರಚಿ ಚೀಲ ಕಿತ್ತುಕೊಂಡು ಹೋದರೆಂಬ ಸುದ್ದಿ ಬಂತು. ಅಂದಿನಿಂದ ಇವರ ಸ್ಕೂಟರು ಹೊರಟ ಶಬ್ದ ಕೇಳಿದರೆ ಸಾಕು, ಒಲೆಯ ಮೇಲೆ ಏನಿಟ್ಟಿದ್ದೇನೆ ಎಂಬುದೇ ನನಗೆ ಮರೆತುಹೋಗುತ್ತಿತ್ತು. ಆ ಬೇಸಗೆಯಿಡೀ ನಮ್ಮ ಮನೆಯವರು ತಳ ಹಿಡಿದ ಪಲ್ಯ ತಿಂದರು.

ಪಿಸ್ತೂಲು ಬೇಕೆಂದು ಇವರಿಗೆ ಅನಿಸಿದ್ದೇ ಅಲ್ಲ. ನಾನು ಹೇಳಿ ಹೇಳಿ ತರಿಸಿದ್ದು. ಮಂಗಳೂರಿನ ಕಚೇರಿಗೆ ಓಡಾಡಿ ಲೈಸೆನ್ಸ್ ಕೈಗೆ ಬರುವಾಗ ಮಳೆಗಾಲ ಕಳೆದು, ನವರಾತ್ರಿಯೂ ಆಗಿಹೋಗಿತ್ತು.

ಹೊರದೇಶದ ಹೊಸ ಪಿಸ್ತೂಲು ಆಗ ಸಿಗುತ್ತಿರಲಿಲ್ಲ. ಇದ್ದವರು ಮಾರಬೇಕು, ನಾವು ಕೊಳ್ಳಬೇಕು. ಮಣಿಪಾಲದಲ್ಲಿ ಮಿಲಿಟರಿಯಿಂದ ನಿವೃತ್ತರಾದ ಡಾಕ್ಟರೊಬ್ಬರು ತಮ್ಮದನ್ನು ಕೊಡುತ್ತಾರೆಂದು ತಿಳಿದು ನಾವಿಬ್ಬರೂ ಹೋದೆವು. ಅವರು ಅದನ್ನು ಖಾಲಿ ಮಾಡಿ, ಒಂದು ಟರ್ಕಿ ಟವೆಲಿನ ಮೇಲೆ ಮಲಗಿಸಿ ಇಟ್ಟಿದ್ದರು. ಕಪ್ಪಗೆ, ನಾನು ಎಣಿಸಿದ್ದಕ್ಕಿಂತ ಬಹಳ ಚಿಕ್ಕದು.

"ಸೆಮಿ ಆಟೋಮ್ಯಾಟಿಕ್," ಎಂದರು ಡಾಕ್ಟರು. "ಒಂದು ಗುಂಡು ಹೋದ ಕೂಡಲೇ ಮುಂದಿನದು ತಾನಾಗಿ ಬಂದು ಕೂರ್ತದೆ. ಆದರೆ ಕಂಪೆನಿಯವರು ಈ ಮಾಡೆಲ್ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಇನ್ನು ಸ್ಪೇರ್ ಪಾರ್ಟ್ ಸಿಗುವುದಿಲ್ಲ." ಮತ್ತೆ ತಮ್ಮ ಮೊಣಕಾಲನ್ನು ತಟ್ಟಿಕೊಂಡು ನಕ್ಕರು. "ನನ್ನದೂ ಅದೇ ಮಾಡೆಲ್."

ಅದರ ಹಿಡಿಯ ಎರಡು ಬದಿಗೆ ಕೂರಿಸಿದ ಪ್ಲಾಸ್ಟಿಕ್ ತುಂಡುಗಳು ಒಡೆದಿದ್ದವು. ಡಾಕ್ಟರಲ್ಲವೇ, ಅದಕ್ಕೂ ಬಿಳಿ ಪ್ಲಾಸ್ಟರು ಸುತ್ತಿದ್ದರು. ಕಾಗದಪತ್ರಗಳೆಲ್ಲ ನಮ್ಮ ಹೆಸರಿಗೆ ಆಗಿ, ಪಿಸ್ತೂಲು ಮನೆಗೆ ಬಂದಾಗ ಇವರು ಮೊದಲು ಮಾಡಿದ ಕೆಲಸ ಆ ಪ್ಲಾಸ್ಟರು ಬಿಚ್ಚಿದ್ದು. ಒಳಗಿನ ಚೂಪು ಅಂಚು ಅಂಗೈಗೆ ಚುಚ್ಚುತ್ತಿತ್ತು. ಬೇಡ ಬೇಡ ಎನ್ನುತ್ತಲೇ ತಂದವರಿಗೆ ಆಮೇಲೆ ಅದರ ಮೇಲೆ ಒಂದು ಮೋಹವೇ ಹುಟ್ಟಿತು. ಉಡುಪಿಯಲ್ಲಿ ಚರ್ಮದ ಚೀಲ ಹೊಲಿಸಿದರು. ಹಿಡಿಯನ್ನು ಮರದಲ್ಲಿ ಮಾಡಿಸಬೇಕೆಂದು ಹೊರಟರು. ಪಿಸ್ತೂಲನ್ನು ಕಂಡವರ ಕೈಗೆ ಕೊಡುವಂತಿಲ್ಲ. ಸ್ಕ್ರೂ ಬಿಚ್ಚಿ ಆ ಒಡೆದ ತುಂಡುಗಳನ್ನು ಮಾತ್ರ ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾರ್ಕಳದ ಒಬ್ಬ ಆಚಾರಿಯಲ್ಲಿಗೆ ಹೋದರು.

"ಎಂತದ್ದಿದು ಮಾರಾಯ್ರೆ, ಆಮೆ ಮರಿಯ ಚಿಪ್ಪಾ?" ಎಂದು ಕೇಳಿದರಂತೆ ಆಚಾರಿ. ಸಂಗತಿ ತಿಳಿದ ಮೇಲೆ, "ಹೊಸ ಮರ ಬೇಡ. ನಿಮ್ಮ ಕಡಲ ಗಾಳಿಗೆ ಬಾಗ್ತದೆ. ಮನೆಯಲ್ಲಿ ಹಳೇ ಬೀಟೆ ಉಂಟಾ ನೋಡಿ" ಎಂದರಂತೆ.

ಇವರು ಮನೆಗೆ ಬಂದವರೇ ಮೇಜು, ಕುರ್ಚಿ, ಬಾಗಿಲಿನ ದಾರಂದವನ್ನೆಲ್ಲ ಬೆರಳಿನಿಂದ ಕುಟ್ಟುತ್ತ ತಿರುಗಿದರು. ಅತ್ತೆ ಮಂಚದ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು.

"ನನ್ನ ಮಂಚದ ಕಾಲನ್ನು ಮುಟ್ಟಬೇಡ ಆಯ್ತಾ," ಎಂದರು ಮಗನಿಗೆ. "ನಾನು ದಡಕ್ಕನೆ ಬಿದ್ದರೆ ನಿನ್ನ ಪಿಸ್ತೂಲು ಬಂದು ಎತ್ತುತ್ತದಾ?"

ಇವರು ನಕ್ಕರು. ಅತ್ತೆ ಇನ್ನೆರಡು ಮೊಗ್ಗು ಕಟ್ಟಿದರು. ಆಮೇಲೆ ತಲೆಯೆತ್ತದೆ, "ಅಟ್ಟದಲ್ಲಿ ನನ್ನ ಚೆನ್ನೆಮಣೆ ಉಂಟಲ್ಲ, ಅದು ಬೀಟೆಯದ್ದೇ. ತೆಗೆದುಕೊಂಡು ಹೋಗು" ಎಂದರು.

ಚೆನ್ನೆಮಣೆ ಎಂದರೆ ಉದ್ದದ ಒಂದು ಮರದ ಹಲಗೆ. ಅದರಲ್ಲಿ ಏಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜ. ಎದುರುಬದುರು ಇಬ್ಬರು ಕುಳಿತು ಬೀಜ ಹಂಚುತ್ತ, ಗೆಲ್ಲುತ್ತ ಹೋಗುವ ಆಟ. ನಮ್ಮಲ್ಲಿ ಇದನ್ನು ಆಡುವುದು ಆಟಿ ತಿಂಗಳ ಜಡಿಮಳೆಯಲ್ಲಿ ಮಾತ್ರ. ಉಳಿದ ತಿಂಗಳು ಮುಟ್ಟುವ ಕ್ರಮವಿಲ್ಲ, ಮಣೆ ಅಟ್ಟಕ್ಕೆ. ಅತ್ತೆಯ ಮಣೆ ಬಜಗೋಳಿಯ ತವರುಮನೆಯಿಂದ ಅವರೊಟ್ಟಿಗೆ ಬಂದದ್ದು. ಪಕ್ಕದ ಮನೆಯ ಅಜ್ಜಿ ಪ್ರತಿ ಆಟಿಗೂ ಕೊಡೆ ಮಡಚಿ ಜಗಲಿಗೆ ಬರುತ್ತಿದ್ದರು, ಇಬ್ಬರೂ ಬೈದಾಡಿಕೊಂಡು ಆಡುತ್ತಿದ್ದರು. ಆ ಅಜ್ಜಿ ತೀರಿಹೋದ ಮೇಲೆ ಬಂದ ಆಟಿಯಲ್ಲಿ ಅತ್ತೆ ನನ್ನನ್ನು ಕರೆದರು. "ಒಂದು ಆಟ ಕೂತುಕೋ ಮಗಾ." "ನಾಳೆ ಅತ್ತೆ, ಬಟ್ಟೆ ಒಣಗಲಿಲ್ಲ." ಮರುದಿನ ಬೇರೆ ಏನೋ ಇತ್ತು. ಹಾಗೆ ನಾಳೆ ನಾಳೆ ಎನ್ನುತ್ತ ಆಟಿ ಮುಗಿಯಿತು, ಸೋಣ ತಿಂಗಳು ಬಂತು. ಇನ್ನು ಬೇಕೆಂದರೂ ಒಂದು ವರ್ಷ ಆಡುವಂತಿಲ್ಲ. ಅತ್ತೆ ಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಿದ್ದರು, ಅಟ್ಟಕ್ಕಿಡಲು.

ಪಿಸ್ತೂಲು ಬಂದದ್ದು ಅದೇ ವರ್ಷ. ಮಣೆ ತೆಗೆದುಕೊಂಡು ಹೋಗು ಎಂದ ಅತ್ತೆಗೆ ಅಂದು ನಾನು ಹೇಳಬೇಕಾದದ್ದು, "ಬೇಡ, ಬರುವ ಆಟಿಗೆ ನಾವು ಆಡುವ" ಎಂದು. ನಾನು ಕೇಳಿದ್ದು ಬೇರೆ.

"ಆಟಿ ಅಲ್ಲವಲ್ಲ ಅತ್ತೆ, ಈಗ ಕೆಳಗಿಳಿಸಬಹುದಾ?"

"ಆಡ್ಲಿಕ್ಕಲ್ಲವಲ್ಲ," ಎಂದರು ಅತ್ತೆ. "ಆಡ್ಲಿಕ್ಕೆ ಜನ ಬೇಕು."

ಏಣಿ ಹತ್ತಿ ಇಳಿಸಿದವಳು ನಾನೇ. ಧೂಳು ಒರೆಸಿ, ಆಚಾರಿ ಏನೆಂದಾರು ಎಂದು, ತುಸು ತೆಂಗಿನೆಣ್ಣೆಯನ್ನೂ ಹಚ್ಚಿದೆ.

ಆಚಾರಿ ಮಣೆಯ ಒಂದು ತುದಿಯನ್ನು ಕೊಯ್ದು ಹಿಡಿ ಮಾಡಿದರು. ಉಳಿದದ್ದು ಕೊಯ್ಯುವಾಗ ಸೀಳಿತಂತೆ. ಅದನ್ನು ಇವರು ತರಲೇ ಇಲ್ಲ. ಹಿಡಿ ಮಾತ್ರ ಚಂದ ಬಂದಿತ್ತು. ಎಡಬದಿಯ ತುಂಡಿನಲ್ಲಿ ಗುಳಿಯ ಒಂದಿಷ್ಟು ತಗ್ಗು ಹಾಗೇ ಉಳಿದಿತ್ತು, ಪಿಸ್ತೂಲು ಹಿಡಿದರೆ ಹೆಬ್ಬೆರಳು ಸರಿಯಾಗಿ ಅಲ್ಲಿ ಹೋಗಿ ಕೂರುತ್ತಿತ್ತು. "ಕಂಪೆನಿಯವರಿಗೂ ಇದು ಹೊಳೆದಿರಲಿಕ್ಕಿಲ್ಲ" ಎಂದು ಇವರು ಬಂದವರಿಗೆಲ್ಲ ಹೇಳಿದರು. ನನಗೂ ತೋರಿಸಿದರು. ಬೆರಳಿಟ್ಟೆ. ಎಷ್ಟೋ ಆಟಿಗಳ ಬೆರಳು ತಾಗಿ ಆ ತಗ್ಗು ಹಾಲಿನ ಕೆನೆಯಷ್ಟು ನಯವಾಗಿತ್ತು.

ಮುಂದಿನ ಆಟಿ ಬಂತು. ಮಳೆ ಹಿಡಿದ ಒಂದು ಮಧ್ಯಾಹ್ನ ಅತ್ತೆ ಮಂಜೊಟ್ಟಿ ಬೀಜದ ಡಬ್ಬ ತೆಗೆದು, ಬೀಜಗಳನ್ನು ತೊಳೆದು, ಒಲೆಯ ಬದಿಯ ಬಿಸಿಗೆ ಬಟ್ಟೆಯ ಮೇಲೆ ಹರಡಿದರು. ಒಣಗಿದ ಮೇಲೆ ಪುನಃ ಡಬ್ಬಕ್ಕೆ ತುಂಬಿ ಮುಚ್ಚಿದರು. ನಾನು ಅಲ್ಲೇ ಹಪ್ಪಳ ಕಾಯಿಸುತ್ತಿದ್ದೆ. ಇನ್ನೊಂದು ಹಪ್ಪಳವನ್ನು ಎಣ್ಣೆಗೆ ಬಿಟ್ಟೆ.

ಆ ವರ್ಷದ ಆಯುಧಪೂಜೆಗೆ ಕತ್ತಿ, ಹಾರೆ, ನನ್ನ ಹೊಲಿಗೆ ಯಂತ್ರ, ಇವರ ಸ್ಕೂಟರು ಎಲ್ಲದರೊಟ್ಟಿಗೆ ಪಿಸ್ತೂಲನ್ನೂ ಖಾಲಿ ಮಾಡಿ ಬಾಳೆಲೆಯ ಮೇಲೆ ಇಟ್ಟೆವು. ಗಂಧ ಹಚ್ಚುವುದು ಮನೆಯ ಹಿರಿಯರಾದ ಅತ್ತೆಯ ಕೆಲಸ. ಅವರು ಅದುವರೆಗೆ ಪಿಸ್ತೂಲನ್ನು ಮುಟ್ಟಿದವರಲ್ಲ. ಗಂಧ ಹಚ್ಚಲು ಬಗ್ಗಿದವರು ಆ ತಗ್ಗಿನಲ್ಲಿ ಬೆರಳನ್ನು ತುಸು ಹೊತ್ತು ಹಾಗೇ ಇಟ್ಟರು.

"ಇದು ಕೊನೆಯ ಗುಳಿ," ಎಂದರು. "ಆ ಮುದುಕಿ ಯಾವಾಗಲೂ ಇಲ್ಲಿ ಬಂದು ಸೋಲುತ್ತಿದ್ದದ್ದು."

"ಅಮ್ಮ, ಜಾಸ್ತಿ ಗಂಧ ಬೇಡ, ತುಕ್ಕು ಹಿಡಿದೀತು," ಎಂದರು ಇವರು. ಅತ್ತೆ ಬೆರಳು ತೆಗೆದು ಸ್ಕೂಟರಿನ ಕಡೆಗೆ ಹೋದರು.

ಅದಾಗಿ ಕೆಲವು ತಿಂಗಳಿಗೆ ಚುನಾವಣೆ ಬಂತು. ಚುನಾವಣೆ ಎಂದರೆ ಲೈಸೆನ್ಸಿನ ಕೋವಿ, ಪಿಸ್ತೂಲುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಇವರೂ ಒಪ್ಪಿಸಿ ಬಂದರು. ಬ್ಯಾಂಕಿಗೆ ಎಂದಿನಂತೆ ಹೋಗಿ ಬರುತ್ತಿದ್ದರು. ಮತ ಎಣಿಕೆಯೂ ಆದ ಮೇಲೆ ಒಂದು ದಿನ ಠಾಣೆಯಿಂದ ಅದನ್ನು ತಂದು ಕಪಾಟಿನಲ್ಲಿಡುವುದನ್ನು ಕಂಡಾಗಲೇ ನನಗೆ ಹೊಳೆದದ್ದು, ಇಷ್ಟು ದಿನ ಅದು ಮನೆಯಲ್ಲಿರಲಿಲ್ಲ ಎಂದು. ನನ್ನ ಪಲ್ಯ ಒಂದು ದಿನವೂ ತಳ ಹಿಡಿದಿರಲಿಲ್ಲ. ಮೆಣಸಿನ ಹುಡಿಯ ಸುದ್ದಿ ಹಳತಾಗಿತ್ತು. ನನ್ನ ಹೆದರಿಕೆ ಯಾವಾಗ ಹೋಯಿತೋ ನನಗೇ ಗೊತ್ತಿರಲಿಲ್ಲ. ಅದಕ್ಕಾಗಿ ಕೊಯ್ದ ಮಣೆ ಮಾತ್ರ ಕೊಯ್ದೇ ಹೋಗಿತ್ತು. ಆ ಮಧ್ಯಾಹ್ನ ಅತ್ತೆಗೆ ಊಟ ಬಡಿಸುವಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಆ ವಾರವೇ ನಾನು ಬಸ್ಸು ಹಿಡಿದು ಒಬ್ಬಳೇ ಕಾರ್ಕಳಕ್ಕೆ ಹೋದೆ. ಕಾಪುವಿನ ಪೆಟ್ರೋಲ್ ಬಂಕಿನ ಮನೆಯವಳೆಂದು ತಿಳಿಸಿ, ಆಚಾರಿಗೆ ಹೊಸ ಚೆನ್ನೆಮಣೆ ಮಾಡಲು ಹೇಳಿದೆ.

"ಹಳೇ ಮಣೆಯನ್ನು ಕೊಯ್ಯಲಿಕ್ಕೆ ತಂದವರು ನೀವೇ ಅಲ್ವಾ ಅಮ್ಮ?" ಎಂದರು ಅವರು, ಕುಹಕವೇನೂ ಇಲ್ಲದೆ.

"ನಾವೇ," ಎಂದೆ.

ಬೀಟೆ ಇರಲಿಲ್ಲ, ಹಲಸಿನ ಮರದಲ್ಲಿ ಮಾಡಿಕೊಟ್ಟರು. ಆಟಿ ಹುಟ್ಟುವವರೆಗೆ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದು, ಆಟಿಯ ಮೊದಲ ಜಡಿಮಳೆಯ ಮಧ್ಯಾಹ್ನ ಜಗಲಿಗೆ ತಂದು ಅತ್ತೆಯ ಎದುರು ಇಟ್ಟೆ. ನಾನೇ ಕುಳಿತೆ. ಹಗ್ಗದಲ್ಲಿ ಬಟ್ಟೆ ಒಣಗದೆ ತೂಗುತ್ತಿತ್ತು.

ಅತ್ತೆ ಹಳದಿ ಮರವನ್ನು ಒಮ್ಮೆ ಸವರಿದರು. "ಒರಟು," ಎಂದರು. ಬೈಯಲಿ ಎಂದು ಕಾದೆ. ಅವರು ಡಬ್ಬ ತಂದು ಬೀಜ ಹಂಚಿದರು.

ಮೊದಲ ಆಟ ಸೋತೆ, ಎರಡನೆಯದೂ ಸೋತೆ. ಯಾವ ಗುಳಿಗೆ ಕೈ ಹಾಕಿದರೂ ಅತ್ತೆಯ ಮುಖ ನೋಡುತ್ತಿದ್ದೆ.

"ಎಂತ ನೀನು," ಎಂದರು ಅತ್ತೆ, ಗೆದ್ದ ಬೀಜಗಳನ್ನು ಮಡಿಲಿಗೆ ಸುರಿದುಕೊಳ್ಳುತ್ತ. "ಪಿಸ್ತೂಲು ಇಟ್ಟುಕೊಂಡೂ ಹೆದರಿ ಹೆದರಿ ಆಡ್ತಿ. ಆ ಮುದುಕಿಯಾದರೆ ನನಗೆ ನಾಲ್ಕು ಬೈದೇ ಸೋಲುತ್ತಿದ್ದಳು."

ಬೈಯಲು ನನಗೆಲ್ಲಿ ಬಾಯಿ? ಬೀಜಗಳನ್ನು ಹೆಕ್ಕಿ, ಗುಳಿಗೆ ನಾಲ್ಕರಂತೆ ಪುನಃ ಹಾಕತೊಡಗಿದೆ.