ತುಟಿ ಎತ್ತಿ ನೋಡುವವರು

ನಮ್ಮ ಬ್ಯಾಡಗಿಯವರಿಗೆ ಮೇಲೆ ಕಂಡದ್ದರ ಬಗ್ಗೆ ನಂಬಿಕೆಯಿಲ್ಲ. ಚೀಲದ ಬಾಯಲ್ಲಿ ಎಷ್ಟೇ ಕೆಂಪಾದ ಮೆಣಸಿನಕಾಯಿ ಇರಲಿ, ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ತೆಗೆದರೇ ಸಮಾಧಾನ. ಮಾರುಕಟ್ಟೆಯಲ್ಲಿ ಅದು ಜಾಣತನವೇ. ಆ ಜಾಣತನವನ್ನು ರೋಗಿಯ ಬಾಯಿಯವರೆಗೂ ತಂದ ಪುಣ್ಯಾತ್ಮರು ನನ್ನ ಸೋದರಮಾವ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಹಾವೇರಿಯ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಕಲಿಸುತ್ತಿದ್ದೆ. ಚಿಕ್ಕವಳಿದ್ದಾಗ ಪೆಟ್ಟು ತಿಂದಿದ್ದ ಮುಂದಿನ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಸೇರಿ, ಸುತ್ತಲಿನ ಎಲುಬನ್ನು ತಿಂದುಹಾಕಿತ್ತು. ರಾಣೆಬೆನ್ನೂರಿನ ದಂತವೈದ್ಯರು ವಸಡು ಬಿಡಿಸಿ, ಬೇರಿನ ತುದಿ ಕತ್ತರಿಸಿ, ಕುಳಿಯನ್ನು ಕೆರೆದು ಎಲುಬಿನ ಪುಡಿ ತುಂಬಿ, ಮೇಲೆ ತೆಳ್ಳನೆಯ ಬಿಳಿ ಪೊರೆ ಹೊದಿಸಿ ಹೊಲಿಗೆ ಹಾಕಿದರು.

"ನೋಡ್ರಿ ಅಕ್ಕಾರ, ಎಲುಬು ನಿಧಾನಕ ಬೆಳೀತೈತಿ. ವಸಡಿಗೆ ಭಾಳ ಅವಸರ, ಖಾಲಿ ಜಾಗಾ ಕಂಡ್ರ ತಾನ ಮೊದಲ ಹೋಗಿ ಕುಂದರತೈತಿ. ಅದನ್ನ ತಡಿಯಾಕ ಈ ಪೊರಿ. ಮುಂದ ತಾನ ಕರಗತೈತಿ. ತುಟಿ ಎತ್ತಿ ಯಾರಿಗೂ ತೋರಸಬ್ಯಾಡ್ರಿ. ಹೊಲಿಗಿ ಹರದ್ರ ಹಲ್ಲು ಹೋದಂಗ," ಎಂದರು.

ಆ ಹಲ್ಲು ಉಳಿಯಲೆಂದು ನಾನು ಹಂಬಲಿಸುತ್ತಿದ್ದೆ. ತ, ಥ, ದ, ಧ ಹೇಳಿಕೊಡುವವಳ ಮುಂದಿನ ಹಲ್ಲೇ ಇಲ್ಲದಿದ್ದರೆ ಮಕ್ಕಳು ಸುಮ್ಮನಿರುತ್ತಾರೆಯೇ?

ಮನೆಗೆ ಬಂದದ್ದೇ ತಡ, ಮಾತಾಡಿಸಲು ಬರುವವರ ದಂಡು ಶುರುವಾಯಿತು. ಅರ್ಧ ಡಜನ್ ಬಾಳೆಹಣ್ಣು ತಂದವರಿಗೆಲ್ಲ ನನ್ನ ವಸಡು ನೋಡುವ ಹಕ್ಕು ಬಂದುಬಿಡುತ್ತಿತ್ತು. ಮೋಟೆಬೆನ್ನೂರಿನ ಅತ್ತೆಯಂತೂ, "ಕಿತ್ತಿಸಿ ಒಗಿಯೂದು ಬಿಟ್ಟು ಎಲುಬು ಬೆಳಸತಾರಂತ. ಅದೇನ್ ಗೋವಿನಜೋಳೇನು?" ಎಂದು ನಕ್ಕಳು. ನಾನು ಬಾಯಿಗೆ ಟವೆಲ್ ಹಿಡಿದು ತಲೆ ಅಲ್ಲಾಡಿಸುತ್ತ ಕೂತೆ.

ಆಗ ಮಾಮ ಬಂದರು, ಮಾರುಕಟ್ಟೆಯಿಂದ ನೇರವಾಗಿ. ಅವರ ಅಂಗಿಯ ಘಾಟಿಗೆ ಅತ್ತೆ ಸೀನಿದಳು.

"ಎಲ್ಲಿ, ತಗಿ ಬಾಯಿ."

"ಬ್ಯಾಡ ಮಾಮಾ, ಡಾಕ್ಟರು ತೋರಸಬ್ಯಾಡ ಅಂದಾರ."

"ತೋರಸಬ್ಯಾಡ ಅಂದಾನಂದ್ರ ಒಳಗ ಏನೋ ಮುಚ್ಚಿಟ್ಟಾನ!"

"ತೋರಸವಾ, ಅಣ್ಣ ಅಷ್ಟು ದೂರದಿಂದ ಬಂದಾನ," ಎಂದಳು ಅವ್ವ. ಮಾರುಕಟ್ಟೆ ಇದ್ದದ್ದು ನಮ್ಮ ಹಿಂದಿನ ಓಣಿಯಲ್ಲಿ.

ಮಾಮ ನನ್ನ ಗದ್ದ ಹಿಡಿದು, ಬೆಳಗಿನಿಂದ ಮೆಣಸಿನಕಾಯಿ ಮುರಿದ ಹೆಬ್ಬೆರಳಿನಿಂದ ತುಟಿ ಎತ್ತಿದರು. ಬಾಯಿಗೆ ಬೆಂಕಿ ಬಿತ್ತು. ಕಿರುಚಿ ತಲೆ ಹಿಂದಕ್ಕೆಳೆದೆ, ಅವರು ತುಟಿ ಬಿಡಲಿಲ್ಲ. ಹೊಲಿಗೆ ಹರಿದು ಪೊರೆಯ ಅಂಚು ಹೊರಗೆ ಇಣುಕಿತು.

"ಹಾಳಿ ಮರತಾನ! ಒಳಗ ಹಾಳಿ ಬಿಟ್ಟು ಹೊಲದಾನ ನೋಡ್ರಿ!" ಎಂದವರೇ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದೇಬಿಟ್ಟರು. ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರು. ಅತ್ತೆ ಗಲ್ಲ ಬಡಿದುಕೊಂಡಳು. ಅವ್ವ ಅಣ್ಣನಿಗೆ ಕೈ ಮುಗಿದಳು. ರಕ್ತ ನುಂಗುತ್ತ ಕೂತಿದ್ದ ನನ್ನ ಕಡೆ ಯಾರೂ ನೋಡಲಿಲ್ಲ.

ಎರಡು ದಿನಕ್ಕೆ ಮುಖ ಊದಿಕೊಂಡು ಮತ್ತೆ ರಾಣೆಬೆನ್ನೂರಿಗೆ ಹೋದೆ. ವೈದ್ಯರು ಗಾಯ ತೊಳೆದು, "ಕೀವಾಗೈತಿ, ಈಗ ಮತ್ತ ಪೊರಿ ಹಾಕಾಕ ಬರೂದಿಲ್ರಿ," ಎಂದರು. ಕೆಲವು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಎಲುಬು ಇರಬೇಕಾದ ಜಾಗ ಕಪ್ಪಗೇ ಇತ್ತು. ಅವಸರದ ವಸಡು ಹೋಗಿ ಕೂತಿತ್ತು. ಅಲ್ಲಾಡುತ್ತಿದ್ದ ಹಲ್ಲನ್ನು ಕೀಳಿಸಿಕೊಂಡು, ಬಸ್ಸಿನಲ್ಲಿ ಮೋಟೆಬೆನ್ನೂರು ಬರುವವರೆಗೂ ಅಳುತ್ತಲೇ ಇದ್ದೆ. ಮಾಮನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವರಿಗೆ ಮಾತ್ರ ಅದು ಸಾಹಸದ ಕಥೆಯಾಯಿತು. ಯಾವ ಮದುವೆಗೆ ಹೋದರೂ, "ನಾ ಇದ್ದೆ ಅಂತ ಹುಡುಗಿ ಉಳೀತು," ಎಂದು ಶುರು ಮಾಡುತ್ತಿದ್ದರು. ಬಸುರಿಯೊಬ್ಬಳ ಕುಬಸದ ಊಟದ ಪಂಕ್ತಿಯಲ್ಲಿ ನನಗೆ ತಡೆಯಲಾಗಲಿಲ್ಲ. ಕಟ್ಟಿಸಿಕೊಂಡಿದ್ದ ಕೃತಕ ಹಲ್ಲನ್ನು ತೆಗೆದು ಅವರ ಅಂಗೈ ಮೇಲಿಟ್ಟೆ.

"ಇದನ್ನೂ ಪರೀಕ್ಷಾ ಮಾಡ್ರಿ ಮಾಮಾ."

ಮಾಮ ನಾಚುತ್ತಾರೆಂದು ಕಾದೆ. ಅವರು ಹಲ್ಲನ್ನು ತಿರುವಿ ಹಾಕಿ, ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿ ನನ್ನ ಕೈಗಿತ್ತರು.

"ಛಲೋ ಮಾಲ್ ಐತಿ. ಮೊದಲಿಂದಕ್ಕಿಂತ ಇದ ಛಲೋ."